ಎಲ್ಲರಿಗೂ ಹೋದ ಉತ್ತರ

ನಮ್ಮ ಆಫೀಸಿನವರು ನನ್ನನ್ನು ನೋಡಿ ನಗುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಮೊದಲನೆಯದು ನಾನು ಇ-ಮೇಲ್ ಕಳಿಸುವ ರೀತಿ. ಉತ್ತರ ಟೈಪ್ ಮಾಡಿ ಮುಗಿಸಿ, ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿ, ಮುಖವನ್ನು ತೆರೆಗೆ ತಾಗುವಷ್ಟು ಹತ್ತಿರ ತಂದು, ಅದು ಯಾರಿಗೆ ಹೋಗುತ್ತಿದೆ ಅನ್ನುವ ಸಾಲನ್ನು ಗಟ್ಟಿಯಾಗಿ ಓದುತ್ತೇನೆ. ಒಂದು ಸಲ ಅಲ್ಲ, ಎರಡು ಸಲ. ಆಮೇಲೆ ಉಸಿರು ಬಿಗಿಹಿಡಿದು ಕಳಿಸುತ್ತೇನೆ. ಹೊಸದಾಗಿ ಸೆಕ್ಷನ್ನಿಗೆ ಬಂದ ಪಂಜಾಬಿ ಹುಡುಗಿಯೊಬ್ಬಳು ಮೊನ್ನೆ ಇದೇನು ಸಾರ್, ಮಂತ್ರವಾ ಅಂತ ಕೇಳಿದಳು. ಮಂತ್ರ ಅಲ್ಲಮ್ಮ, ಪ್ರಾಯಶ್ಚಿತ್ತ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಅಚ್ಛಾ ಅಂತ ಹೇಳಿ ಟೀ ಕುಡಿಯುವುದಕ್ಕೆ ಹೋದಳು.

ನಿಮಗಾದರೆ ಹೇಳಬಹುದು. ನೀವು ನಮ್ಮವರು. ಮೇಲಾಗಿ, ಇನ್ನೊಬ್ಬರ ಕಾಗದ ಓದುವುದರಲ್ಲಿ ನಮ್ಮ ಜನಕ್ಕೆಲ್ಲ ಇರುವ ಆಸಕ್ತಿ ನಿಮಗೂ ಇದ್ದೇ ಇರುತ್ತದೆ.

ಪ್ರಶ್ನೆ ಬಹಳ ಸಣ್ಣದು. ಇ-ಮೇಲಿನಲ್ಲಿ ಉತ್ತರದ ಗುಂಡಿ ಒತ್ತಿದರೆ ಉತ್ತರ ಯಾರಿಗೆ ಹೋಗಬೇಕು? ಕೇಳಿದವನೊಬ್ಬನಿಗೋ, ಕೇಳುವಾಗ ಸುತ್ತ ಕೂತಿದ್ದವರಿಗೆಲ್ಲವೋ? ನಾವು ಬಾಯಿ ಬಿಟ್ಟು ಏನೂ ಹೇಳದೆ ಇದ್ದಾಗ ಯಂತ್ರ ತಾನಾಗಿಯೇ ಏನು ಮಾಡಬೇಕು? ಇಷ್ಟೇ. ಆದರೆ ಇದಕ್ಕೋಸ್ಕರ ನಾನು ಒಂದು ಹಬ್ಬದ ದಿನ ಗಂಟಲು ಹರಿದುಕೊಂಡಿದ್ದೇನೆ, ಗೆದ್ದಿದ್ದೇನೆ, ಗೆದ್ದು ಹಳ್ಳಕ್ಕೂ ಬಿದ್ದಿದ್ದೇನೆ.

ನಾನು ಬೆಳೆದದ್ದು ಚಳ್ಳಕೆರೆಯಲ್ಲಿ. ನಮ್ಮ ಬೀದಿಗೆ ಅಂಚೆ ತರುತ್ತಿದ್ದ ತಿಪ್ಪಯ್ಯ ಕಾರ್ಡುಗಳನ್ನು ದಾರಿಯಲ್ಲೇ ಓದಿ ಮುಗಿಸಿರುತ್ತಿದ್ದ. ಅದರಲ್ಲಿ ಕದ್ದುಮುಚ್ಚುವುದು ಏನೂ ಇರಲಿಲ್ಲ. ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ನಿಮ್ಮ ಹಿರಿಯೂರಿನ ಮಗಳಿಗೆ ಗಂಡು ಮಗುವಂತೆ, ಇಬ್ಬರೂ ಕ್ಷೇಮವಂತೆ ಅಂತ ನಮ್ಮಜ್ಜಿಗೆ ಸುದ್ದಿ ಹೇಳಿ ಆಮೇಲೆ ಕಾರ್ಡು ಕೊಡುತ್ತಿದ್ದ. ಅಷ್ಟು ಹೊತ್ತಿಗೆ ಎದುರು ಮನೆಯವರು ಸಕ್ಕರೆ ಎಲ್ಲಿ ಅಂತ ಕೇಳಿಕೊಂಡು ಬಂದಿರುತ್ತಿದ್ದರು. ಅಜ್ಜಿಗೆ ಓದು ಬಾರದು, ಆದರೆ ಬಹಳ ಗಟ್ಟಿ ಹೆಂಗಸು. ಒಂದೇ ಕಾರ್ಡನ್ನು ಮೂರು ಬೇರೆ ಬೇರೆ ಜನರ ಹತ್ತಿರ ಓದಿಸಿ, ಮೂರೂ ಒಂದೇ ಥರ ಇದೆಯಾ ಅಂತ ತಾಳೆ ನೋಡುತ್ತಿದ್ದಳು. ಗುಟ್ಟಿನ ವಿಷಯವಾದರೆ ಮಾತ್ರ ಕವರು ತರಿಸಿ, ನನ್ನ ಕೈಲಿ ಬರೆಸಿ, ಅನ್ನದ ಅಗುಳಿನಿಂದ ತಾನೇ ಅಂಟಿಸಿ, ಒಣಗುವ ತನಕ ಅದರ ಮೇಲೆ ಒರಳಿನ ಗುಂಡು ಇಡುತ್ತಿದ್ದಳು. ಕಾರ್ಡಿನ ಮಾತು ಕಾರ್ಡಿಗೆ, ಕವರಿನ ಮಾತು ಕವರಿಗೆ ಅನ್ನುವುದು ಅವಳ ಶಾಸ್ತ್ರ. ಆ ವಿವೇಕದಲ್ಲಿ ಒಂದು ಚಿಟಿಕೆ ಮೊಮ್ಮಗನಿಗೆ ಬಂದಿದ್ದರೂ ಸಾಕಾಗಿತ್ತು.

ಬರಲಿಲ್ಲ. ನಾನು ಸ್ಕೂಲಿನಲ್ಲೂ ಅಷ್ಟೇ. ಮೇಷ್ಟ್ರು ಹಿಂದಿನ ಬೆಂಚಿನ ಮಲ್ಲಿಕಾರ್ಜುನನನ್ನು ಹದಿನೇಳೆಂಟ್ಲೆ ಎಷ್ಟೋ ಅಂತ ಕೇಳಿದರೆ ಮುಂದಿನ ಬೆಂಚಿನಿಂದ ನಾನು ಎದ್ದು ಊರಿಗೆಲ್ಲ ಕೇಳುವ ಹಾಗೆ ಉತ್ತರ ಕೂಗುತ್ತಿದ್ದೆ. ಉತ್ತರ ತಪ್ಪಾಗಿರುತ್ತಿತ್ತು ಅನ್ನುವುದು ಬೇರೆ ಮಾತು.

ಇಂಥವನು ಕೇಂದ್ರ ಸರ್ಕಾರದ ಗುಮಾಸ್ತೆ ಪರೀಕ್ಷೆ ಪಾಸು ಮಾಡಿ ದಿಲ್ಲಿಗೆ ಬಂದೆ. ಒಂದು ಸಚಿವಾಲಯದ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿ ಕೂತೆ. ಹೊರಗೆ ಹೋಗುವ ಪತ್ರಗಳನ್ನೆಲ್ಲ ಕವರಿಗೆ ಹಾಕಿ, ವಿಳಾಸ ಬರೆದು, ರಿಜಿಸ್ಟರಿನಲ್ಲಿ ನಮೂದಿಸುವ ಕೆಲಸ. ಮೂಲ ಪತ್ರಕ್ಕೆ ಯಾರು ಸಹಿ ಹಾಕಿರುತ್ತಾರೋ ಉತ್ತರ ಅವರ ಹೆಸರಿಗೆ, ಇದು ಅಲ್ಲಿ ಕಲಿಸಿದ ಮೊದಲ ಪಾಠ. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಮುನಿರ್ಕಾದಲ್ಲಿ ಮೂರನೇ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೆ. ಗಲ್ಲಿ ಎಷ್ಟು ಕಿರಿದು ಅಂದರೆ, ಎದುರು ಕಿಟಕಿಯ ಮಣಿಪುರದ ವಿದ್ಯಾರ್ಥಿ ಕೈ ಚಾಚಿ ನನ್ನ ಟವಲಿನಲ್ಲಿ ಮುಖ ಒರೆಸಿಕೊಳ್ಳಬಹುದಿತ್ತು. ಒಂದೆರಡು ಸಲ ಒರೆಸಿಕೊಂಡಿದ್ದಾನೆ ಕೂಡ. ಒಂದು ವಾರ ಕನ್ನಡ ಆಡದೆ ಇದ್ದರೆ ನನಗೆ ನಾಲಿಗೆ ಮೇಲೆ ಏನೋ ಕೂತ ಹಾಗಾಗುತ್ತಿತ್ತು. ತರಕಾರಿ ಭಯ್ಯಾನ ಎದುರಿಗೆ ನಿಂತು ಅಪ್ಪಟ ಕನ್ನಡದಲ್ಲಿ ಬದನೆಕಾಯಿ ಚೌಕಾಸಿ ಮಾಡಿದ್ದೂ ಉಂಟು.

ಈ ನಾಲಿಗೆ ತೀಟೆಗೆ ಔಷಧಿಯಾಗಿ ಎರಡು ಸಾವಿರದ ನಾಲ್ಕನೆಯ ಇಸವಿ ಸುಮಾರಿಗೆ ನಮ್ಮ ಇ-ಮೇಲ್ ಬಳಗ ಹುಟ್ಟಿತು. ದಿಲ್ಲಿ, ಗುರ್‌ಗಾಂವ್, ಫರೀದಾಬಾದ್ ಎಲ್ಲ ಸೇರಿ ಮುನ್ನೂರು ಜನ ಕನ್ನಡಿಗರು. ಬಳಗಕ್ಕೆ ಒಂದು ವಿಳಾಸ. ಅದಕ್ಕೆ ಒಂದು ಮೇಲ್ ಹಾಕಿದರೆ ಮುನ್ನೂರು ಜನಕ್ಕೂ ಹೋಗುತ್ತದೆ. ಆರು ತಿಂಗಳ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೇನೆ ಅನ್ನುವ ಒಂದೇ ಅಪರಾಧಕ್ಕೆ ನನ್ನನ್ನು ಅದರ ಮೇಲ್ವಿಚಾರಕ ಮಾಡಿದರು. ಪಾಸ್‌ವರ್ಡು ನನ್ನೊಬ್ಬನ ಹತ್ತಿರ. ಆ ದಿನಗಳಲ್ಲಿ ನಾನು ನಡೆಯುವ ಠೀವಿಯೇ ಬದಲಾಗಿತ್ತು ಅಂತ ನೋಡಿದವರು ಹೇಳುತ್ತಾರೆ.

ಹೆಸರಿಗೆ ಅದು ಸಂಸ್ಕೃತಿ ಬಳಗ. ನಿಜವಾಗಿ ಅದು ನಡೆಯುತ್ತಿದ್ದದ್ದು ರಾಗಿಹಿಟ್ಟಿನ ಮೇಲೆ. ನಮ್ಮಲ್ಲಿ ಒಂದು ಕಟ್ಟುಪಾಡಿತ್ತು, ಯಾರೇ ಊರಿಗೆ ಹೋಗಲಿ, ಹೋಗುವ ಮುಂಚೆ ಬಳಗಕ್ಕೆ ತಿಳಿಸಬೇಕು. ಇಂಥ ದಿನ ಹೊರಡುತ್ತೇನೆ, ಇಂಥ ದಿನ ವಾಪಸ್ಸು, ಏನು ಬೇಕೋ ಬರೆಯಿರಿ. ತಿಳಿಸದೆ ಹೋಗಿ ಬಂದವರನ್ನು ಜನ ಕೊಲೆಗಾರರ ಹಾಗೆ ನೋಡುತ್ತಿದ್ದರು. ತಿಳಿಸಿದ ಕೂಡಲೇ ಪಟ್ಟಿಗಳು ಸುರಿಯುತ್ತಿದ್ದವು. ರಾಗಿಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಕಾಫಿಪುಡಿ, ಮಾವಿನಶುಂಠಿ, ಯಾರಿಗೋ ಅತ್ತೆ ಕೊಟ್ಟು ಕಳಿಸುವ ಸೀರೆ, ಯಾರಿಗೋ ಜಾತಕದ ಝೆರಾಕ್ಸು. ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆವು. ಹೋದವರು ವಾಪಸ್ಸು ಬಂದ ದಿನ ಬೇಡಿಕೆ ಸಲ್ಲಿಸಿದವರೆಲ್ಲ ಸ್ಟೇಷನ್ನಿಗೆ ಚೀಲ ಹಿಡಿದುಕೊಂಡು ಹೋಗುವುದು ಪದ್ಧತಿ.

ಈ ಪಟ್ಟಿಗಳು ಯಾರಿಗೆ ಹೋಗಬೇಕು ಅನ್ನುವುದರ ಮೇಲೆಯೇ ಜಗಳ ಎದ್ದದ್ದು. ನಾನು ಗುಂಡಿಯನ್ನು ಹೇಗೆ ಹೊಂದಿಸಿದ್ದೆನೆಂದರೆ, ಬಳಗದಲ್ಲಿ ಬಂದ ಯಾವ ಮೇಲಿಗೆ ಉತ್ತರ ಒತ್ತಿದರೂ ಅದು ಮುನ್ನೂರು ಜನಕ್ಕೂ ಹೋಗುತ್ತಿತ್ತು. ಬರೆದವರೊಬ್ಬರಿಗೇ ಹೋಗಬೇಕಾದರೆ ವಿಳಾಸ ಅಳಿಸಿ ಅವರದನ್ನು ಕೈಯಾರೆ ಬರೆಯಬೇಕು. ಹೀಗಾಗಿ ಒಬ್ಬ ಹಿರಿಯ ಅಧಿಕಾರಿಗೆ ತಿಂಗಳಿಗೆ ಎರಡು ಬಾಟಲಿ ಹರಳೆಣ್ಣೆ ಬೇಕು ಅನ್ನುವುದು ಯಮುನೆಯ ಎರಡೂ ದಡಕ್ಕೆ ಗೊತ್ತಾಯಿತು. ಯಾತಕ್ಕೆ ಬೇಕು ಅನ್ನುವುದನ್ನು ಜನ ತಾವೇ ಊಹಿಸಿಕೊಂಡು, ಅವರಿಗೆ ಬಾಳೆಹಣ್ಣಿನ ಸಲಹೆಗಳನ್ನೂ ಎಲ್ಲರಿಗೂ ಕಾಣುವ ಹಾಗೆಯೇ ಕಳಿಸಿದರು.

ಇದನ್ನು ವಿರೋಧಿಸಿ ನಿಂತವರು ಇನಾಂದಾರ್ ಸಾಹೇಬರು. ಪಕ್ಕದ ಭವನದಲ್ಲಿ ಅಂಡರ್ ಸೆಕ್ರೆಟರಿ, ಧಾರವಾಡದವರು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ನಿಯಮ ಅಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಯುಗಾದಿ ಊಟ ಮುಗಿಸಿ ಒಂದು ಸರ್ಕಾರಿ ಕ್ವಾರ್ಟರ್ಸಿನ ಹುಲ್ಲಿನ ಮೇಲೆ ಸಭೆ ಸೇರಿತು. ಕೇಳಿದವನಿಗೆ ಉತ್ತರ, ಊರಿಗೆ ಯಾಕೆ ಡಂಗುರ ಅನ್ನುವುದು ಅವರ ವಾದ. ಮನುಷ್ಯ ಮೈಮರೆತಾಗ ಏನಾಗುತ್ತದೋ ಅದು ಅವನಿಗೆ ಕಡಿಮೆ ಕೇಡು ಮಾಡುವಂಥದ್ದಾಗಿರಬೇಕು, ಒಬ್ಬನಿಗೆ ಹೋಗಬೇಕಾದ್ದು ಎಲ್ಲರಿಗೂ ಹೋದರೆ ವಾಪಸ್ ತರಲಾಗುವುದಿಲ್ಲ, ಎಲ್ಲರಿಗೂ ಹೋಗಬೇಕಾದ್ದು ಒಬ್ಬನಿಗೆ ಹೋದರೆ ಇನ್ನೊಮ್ಮೆ ಕಳಿಸಬಹುದು ಅಂತ ಬೆರಳು ಮಡಿಸಿ ಹೇಳಿದರು. ಎಷ್ಟು ಸರಿಯಾದ ಮಾತು ನೋಡಿ. ಆದರೆ ಆವತ್ತು ನನಗೆ ಒಬ್ಬಟ್ಟಿನ ಅಮಲು. ಎದ್ದು ನಿಂತು, ಬಳಗ ಅಂದಮೇಲೆ ಮುಚ್ಚುಮರೆ ಯಾಕೆ, ನಾವೇನು ಕಳ್ಳಸಾಗಣೆ ಮಾಡುತ್ತಿದ್ದೇವಾ, ಒಬ್ಬರಿಗೆ ಬಂದ ಉತ್ತರ ಹತ್ತು ಜನಕ್ಕೆ ಉಪಯೋಗ ಅಂತ ಅರ್ಧ ಗಂಟೆ ಕೂಗಿದೆ. ಕೈಯೆತ್ತಿಸಿದರು. ನಾನು ಭರ್ಜರಿಯಾಗಿ ಗೆದ್ದೆ.

ಸೋತವರ ಕಡೆ ಎತ್ತಿದ ಕೈಗಳಲ್ಲಿ ಒಂದು, ಹಿಂದಿನ ಸಾಲಿನಲ್ಲಿ ಹಸಿರು ಬಳೆ ಹಾಕಿಕೊಂಡಿದ್ದ ಕೈ. ಸುಮಿತ್ರಾ ಅಂತ. ಮೈಸೂರಿನವರು. ಮುನಿರ್ಕಾದಲ್ಲೇ ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರ ಜೊತೆ ಇದ್ದರು, ಗುರ್‌ಗಾಂವಿನ ಒಂದು ಆಫೀಸಿನಲ್ಲಿ ಕೆಲಸ. ಪರದೇಶದ ಗಿರಾಕಿಗಳು ಬರೆಯುವ ದೂರಿನ ಮೇಲುಗಳಿಗೆ ದಿನಕ್ಕೆ ನೂರಾರು ಉತ್ತರ ಕೊಡುವ ಕೆಲಸ. ಗುಂಡಿಯ ವಿಷಯ ಆ ಸಭೆಯಲ್ಲಿ ನಿಜವಾಗಿ ಗೊತ್ತಿದ್ದದ್ದು ಅವರೊಬ್ಬರಿಗೇ. ನಾನು ಗೆದ್ದ ಸಂತೋಷ ಅರ್ಧ ಇಳಿದುಹೋಯಿತು.

ಆ ಮಳೆಗಾಲದಲ್ಲಿ ಅವರು ಊರಿಗೆ ಹೋಗಿದ್ದಾಗ ಮೈಸೂರಿನಲ್ಲಿರುವ ನಮ್ಮಕ್ಕ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿದಳು. ನನಗೆ ಸ್ಟೇಷನ್ನಿಗೆ ಹೋಗಲಾಗಲಿಲ್ಲ, ಧೌಲಾ ಕುವಾಂ ಬಸ್ ಸ್ಟಾಪಿನಲ್ಲಿ ಕೊಡುತ್ತೇನೆ ಅಂದರು. ಡಬ್ಬಿಯ ಮುಚ್ಚಳ ರೈಲಿನಲ್ಲೇ ಬಿಟ್ಟುಕೊಂಡು ಅರ್ಧ ಪುಡಿ ಅವರ ಚೀಲಕ್ಕೆ, ಬಟ್ಟೆಗೆ, ಬಾಚಣಿಗೆಗೆ ಎಲ್ಲ ಮೆತ್ತಿತ್ತು. ನಾನು ಭೂಮಿ ಬಾಯಿ ಬಿಡಬಾರದೇ ಅಂತ ನಿಂತಿದ್ದರೆ, ಅವರು ನಗುವುದಕ್ಕೆ ಶುರು ಮಾಡಿದರು. ಎರಡು ರಾತ್ರಿ ಎದುರು ಸೀಟಿನವರು ಇವರನ್ನೇ ನೋಡುತ್ತಾ ಅನ್ನ ಎಲ್ಲಿ ಅಂತ ಕೇಳಿದರಂತೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆರು ನೂರಾ ಇಪ್ಪತ್ತು ನಂಬರಿನ ಬಸ್ಸು ಬಂತು, ಹೋಯಿತು, ಇನ್ನೊಂದು ಬಂತು, ಹೋಯಿತು. ಆ ನಗು ನನ್ನ ತಲೆಯೊಳಗೆ ಹೋಗಿ ಕೂತದ್ದು ಮತ್ತೆ ಈಚೆ ಬರಲಿಲ್ಲ. ನೇರವಾಗಿ ಹೇಳಿಬಿಡುತ್ತೇನೆ, ಪ್ರೀತಿಯಾಯಿತು. ಮೂವತ್ತೆರಡು ವರ್ಷಕ್ಕೆ, ಚಟ್ನಿಪುಡಿಯಿಂದ.

ಆರು ತಿಂಗಳು ಏನೂ ಹೇಳಲಿಲ್ಲ. ಬಸ್ ಸ್ಟಾಪಿನಲ್ಲಿ ಕಂಡರೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ. ದಿಲ್ಲಿಯಲ್ಲಿ ಹವಾಮಾನಕ್ಕೇನು ಕೊರತೆ.

ಫೆಬ್ರವರಿಯಲ್ಲಿ ಅವರ ಮೇಲ್ ಬಂತು. ಹತ್ತು ದಿನ ಊರಿಗೆ ಹೋಗುತ್ತಿದ್ದೇನೆ, ಈವತ್ತು ಸಂಜೆಯ ರೈಲು, ಮುಂದಿನ ವಾರ ಕಳೆದು ಭಾನುವಾರ ವಾಪಸ್ಸು, ಏನು ತರಲಿ. ಪಟ್ಟಿಗಳು ಸುರಿದವು. ಫರೀದಾಬಾದಿನ ಪದ್ಮಾವತಮ್ಮನವರು, ಅವರ ಯಜಮಾನರು ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಕಾರ್ಖಾನೆಯಲ್ಲಿ ಫೋರ್‌ಮನ್, ಐದು ಕಿಲೋ ರಾಗಿಹಿಟ್ಟು ಮತ್ತು ಒಂದು ಕಬ್ಬಿಣದ ಬಾಣಲೆ ಕೇಳಿದ್ದರು. ನಾನು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಸೆಕ್ಷನ್ನಿನ ಒಂದೇ ಒಂದು ಕಂಪ್ಯೂಟರಿನ ಮುಂದೆ ಕೂತು ಉತ್ತರ ಬರೆದೆ. ಅಳಿಸಿದೆ. ಬರೆದೆ. ಎಷ್ಟನೆಯದೋ ಸಲಕ್ಕೆ ಹೀಗೆ ಬಂತು:

'ನನಗೆ ಏನೂ ತರಬೇಡಿ. ನೀವು ಬೇಗ ಬನ್ನಿ, ಸಾಕು. ಧೌಲಾ ಕುವಾಂನಲ್ಲಿ ನೀವು ನಕ್ಕಿದ್ದು ಇನ್ನೂ ಕೇಳಿಸುತ್ತಿದೆ. ಪದ್ಮಾವತಮ್ಮನವರ ಪಟ್ಟಿ ಹೊರುವುದಕ್ಕೆ ನೀವೇನು ಗೂಡ್ಸ್ ಗಾಡಿಯೇ? ಅದನ್ನು ಬಿಟ್ಟು ಬನ್ನಿ.'

ಉತ್ತರದ ಗುಂಡಿ ಒತ್ತಿ ಬರೆದದ್ದನ್ನು ಹಾಗೇ ಕಳಿಸಿದೆ. ಎರಡು ನಿಮಿಷವಾಗಿರಬೇಕು, ಹೊಸ ಮೇಲ್ ಬಂದಿದೆ ಅಂತ ತೋರಿಸಿತು. ಇಷ್ಟು ಬೇಗ ಉತ್ತರ ಕೊಟ್ಟರಲ್ಲ ಅಂತ ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟೆ. ತೆರೆದರೆ, ನನಗೆ ಏನೂ ತರಬೇಡಿ, ನೀವು ಬೇಗ ಬನ್ನಿ, ಸಾಕು. ನನ್ನದೇ ಕಾಗದ. ಬಳಗದ ಮೂಲಕ ಮುನ್ನೂರು ಜನಕ್ಕೆ ಹಂಚಿಕೆಯಾಗಿ, ಮುನ್ನೂರರಲ್ಲಿ ಒಬ್ಬನಾದ ನನಗೂ ಬಂದಿತ್ತು.

ಹೇಗೆ ಮರೆತೆ ಅಂತ ಕೇಳುತ್ತೀರಿ. ಕೂಗಾಡಿ ಗೆದ್ದವನು ನಾನೇ, ಗುಂಡಿ ಹೊಂದಿಸಿದವನೂ ನಾನೇ. ಆದರೆ ತಲೆ ಗೆದ್ದದ್ದನ್ನು ಕೈ ಕೇಳಬೇಕಲ್ಲ. ಹನ್ನೊಂದು ವರ್ಷ ಡಿಸ್ಪ್ಯಾಚಿನಲ್ಲಿ, ಸಹಿ ಹಾಕಿದವರ ಹೆಸರಿಗೇ ಉತ್ತರ ಅಂತ ಪಳಗಿದ ಕೈ ಅದು. ಕೆಳಗೆ ಸುಮಿತ್ರಾ ಅಂತ ಸಹಿ ಇತ್ತು, ಉತ್ತರ ಅವರೊಬ್ಬರಿಗೇ ಹೋಗುತ್ತದೆ ಅಂತ ಕೈ ನಂಬಿತು.

ಆಮೇಲೆ ನಡೆದದ್ದನ್ನು ಹೇಳಲಿಕ್ಕೆ ಈಗಲೂ ಕಿವಿ ಬಿಸಿಯಾಗುತ್ತದೆ. ಹತ್ತು ನಿಮಿಷಕ್ಕೆ ಒಬ್ಬರು ಶುಭಸ್ಯ ಶೀಘ್ರಂ ಅಂತ ಬರೆದರು. ಅದು ಎಲ್ಲರಿಗೂ ಹೋಯಿತು. ಗೋತ್ರ ಯಾವುದು ಅಂತ ಒಬ್ಬರು ಕೇಳಿದರು, ಈ ಕಾಲದಲ್ಲಿ ಗೋತ್ರ ಕೇಳುತ್ತೀರಲ್ಲ ನಾಚಿಕೆಯಾಗಬೇಕು ಅಂತ ಒಬ್ಬ ವಿದ್ಯಾರ್ಥಿ ಬೈದ, ಅದರ ಮೇಲೆ ಇಪ್ಪತ್ತು ಮೇಲುಗಳ ಚರ್ಚೆ. ನಿವೃತ್ತ ಅಕೌಂಟೆಂಟರೊಬ್ಬರು ವೈಶಾಖದ ಮುಹೂರ್ತಗಳನ್ನು ಟೈಪ್ ಮಾಡಿ ಹಾಕಿದರು. ಸರೋಜಿನಿ ನಗರದವರೊಬ್ಬರು ಅಡುಗೆ ಭಟ್ಟರ ಮೊಬೈಲ್ ನಂಬರು ಕೊಟ್ಟರು. ದಯವಿಟ್ಟು ಇಂಥದ್ದನ್ನೆಲ್ಲ ಎಲ್ಲರಿಗೂ ಕಳಿಸಬೇಡಿ ಅಂತ ಏಳು ಜನ ಎಲ್ಲರಿಗೂ ಕಳಿಸಿದರು. ಪದ್ಮಾವತಮ್ಮನವರು ಮಾತ್ರ ಒಂದೇ ಸಾಲು ಬರೆದಿದ್ದರು, ನನ್ನ ರಾಗಿಹಿಟ್ಟಿನ ಯೋಚನೆ ನಿಮಗೆ ಬೇಡ.

ಸುಮಿತ್ರಾ ಅವರಿಂದ ಏನೂ ಇಲ್ಲ. ಸಂಜೆ ರೈಲು ಹತ್ತಿದ್ದರು. ಹೊರಡುವ ಮುಂಚೆ ಓದಿದರೋ ಇಲ್ಲವೋ ತಿಳಿಯದು. ಅವರ ಮೊಬೈಲಿಗೆ ಫೋನು ಮಾಡುವ ಧೈರ್ಯ ನನಗಿರಲಿಲ್ಲ.

ನಗು ಬರುತ್ತಿದೆ ಅಲ್ಲವಾ? ನನಗೆ ಆವತ್ತು ಬರಲಿಲ್ಲ. ಮನೆಯವರನ್ನು ಬಿಟ್ಟು ಅಷ್ಟು ದೂರ ಬಂದು, ತನ್ನ ಪಾಡಿಗೆ ತಾನು ದುಡಿದುಕೊಂಡಿದ್ದ ಹೆಣ್ಣುಮಗಳು. ಈ ಮುನ್ನೂರು ಜನವೇ ಆಕೆಗೆ ಇಲ್ಲಿ ನೆಂಟರು, ಊರು, ಎಲ್ಲ. ಆಕೆಯನ್ನು ಒಂದು ಮಾತು ಕೇಳದೆ, ಆಕೆಯ ಹೆಸರನ್ನು ಈ ಮುನ್ನೂರು ಬಾಯಿಗೂ ಹಾಕಿಬಿಟ್ಟಿದ್ದೆ. ಇನ್ನು ಆಕೆ ಯಾವ ಹಬ್ಬದ ಊಟಕ್ಕೆ ಬಂದು ಯಾರ ಪಕ್ಕದಲ್ಲಿ ಕೂರಬೇಕು? ನನ್ನನ್ನು ಒಲ್ಲೆ ಅಂದರೆ ಅದು ಎಲ್ಲರೆದುರಿಗೆ, ಹೂಂ ಅಂದರೂ ಎಲ್ಲರೆದುರಿಗೆ. ಆಕೆ ಈ ಬಳಗಕ್ಕೇ ಬೆನ್ನು ತಿರುಗಿಸಿ ಹೋದರೆ ಅದಕ್ಕೆ ನಾನೇ ಹೊಣೆ. ಆಕೆಯ ನಗುವನ್ನೇ ನಾನು ಹಾಳು ಮಾಡಿದೆನೇನೋ ಅನ್ನಿಸಿತು.

ಮೂರನೆಯ ದಿನ ಇನಾಂದಾರ್ ಸಾಹೇಬರು ಸೆಕ್ಷನ್ನಿಗೆ ಫೋನು ಮಾಡಿ ತಮ್ಮ ಕೋಣೆಗೆ ಬರಹೇಳಿದರು. ನಾನು ಹೇಳಿರಲಿಲ್ಲವಾ ಅಂತ ಕೇಳಿಸಿಕೊಳ್ಳುವುದಕ್ಕೆ ತಯಾರಾಗಿಯೇ ಹೋದೆ. ಕೂತ ಕೂಡಲೇ ನಾನೇ ಶುರು ಮಾಡಿದೆ. ನಿಮ್ಮ ಮಾತೇ ಸರಿ ಸಾರ್, ಈವತ್ತೇ ಗುಂಡಿ ಬದಲಾಯಿಸುತ್ತೇನೆ, ಇನ್ನು ಮೇಲೆ ಉತ್ತರ ಬರೆದವರೊಬ್ಬರಿಗೇ ಹೋಗುವ ಹಾಗೆ ಮಾಡುತ್ತೇನೆ ಅಂದೆ. ಅವರು ಕೆಂಪು ಪೆನ್ನು ಮುಚ್ಚಿ ಜೇಬಿಗಿಟ್ಟು ನನ್ನನ್ನು ನೋಡಿದರು.

"ಮುಟ್ಟಬ್ಯಾಡ್ರಿ," ಅಂದರು. "ಫೈಲು ಪೆಂಡಿಂಗ್ ಇರೂ ಮುಂದ ರೂಲ್ ಬದಲು ಮಾಡಬಾರದು. ಆಕಿಗೆ ಗೊತ್ತಿರೂ ಗುಂಡಿ ಇದು. ಏನು ಒತ್ತಿದ್ರ ಯಾರಿಗೆ ಹೋಗ್ತದ ಅಂತ ಆಕಿಗೆ ಖಾತ್ರಿ ಇರಬೇಕು. ಆಕಿ ಉತ್ತರ ಬರೂತನಕ ನೀವು ಸುಮ್ಮ ಕೂಡ್ರಿ."

ಇಂಥ ಸೂಕ್ಷ್ಮ ಆ ಅರ್ಧ ತೋಳಿನ ಅಂಗಿಯೊಳಗೆ ಇರಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ನನ್ನ ಎದುರಿಗೇ ಅವರು ಬಳಗಕ್ಕೆ ಮೇಲ್ ಬರೆದರು, ಎರಡು ಬೆರಳಿನಿಂದ, ಕಾಲು ಗಂಟೆ. ಈ ವಿಷಯ ಇಬ್ಬರಿಗೆ ಸಂಬಂಧಪಟ್ಟದ್ದು, ಒಬ್ಬರ ಅಭಿಪ್ರಾಯ ಬಂದಿದೆ, ಇನ್ನೊಬ್ಬರದು ಬರಬೇಕಾಗಿದೆ, ಉಳಿದ ಸದಸ್ಯರು ಟಿಪ್ಪಣಿ ಬರೆಯತಕ್ಕದ್ದಲ್ಲ. ಕೆಳಗೆ ತಮ್ಮ ಹುದ್ದೆಯನ್ನೂ ಹಾಕಿದರು. ಸರ್ಕಾರಿ ನೌಕರರೇ ತುಂಬಿದ್ದ ಬಳಗ, ಆ ಭಾಷೆಗೆ ತಕ್ಷಣ ತೆಪ್ಪಗಾಯಿತು. ಆ ಗುಂಡಿಯನ್ನು ನಾನು ಮುಂದೆ ಬದಲಾಯಿಸಿದೆ, ಆದರೆ ಆವತ್ತಲ್ಲ.

ಶನಿವಾರ ಪದ್ಮಾವತಮ್ಮನವರ ಕ್ಷಮೆ ಕೇಳುವುದಕ್ಕೆ ಫರೀದಾಬಾದಿಗೆ ಹೋದೆ. ಬಾಗಿಲು ತೆರೆದವರು ಬೈಯದೆ ಒಳಗೆ ಕೂರಿಸಿ, ಇದ್ದ ಕೊನೆಯ ರಾಗಿಹಿಟ್ಟಿನಲ್ಲಿ ರೊಟ್ಟಿ ತಟ್ಟಿ ಹಾಕಿದರು. ಅದೇ ದೊಡ್ಡ ಶಿಕ್ಷೆ. ತಟ್ಟುತ್ತಾ ತಟ್ಟುತ್ತಾ, ಗೂಡ್ಸ್ ಗಾಡಿ ಅಂದದ್ದಕ್ಕೆ ತಮಗೆ ಸಿಟ್ಟಿಲ್ಲ, ಆ ಹುಡುಗಿಗೆ ಬೇಗ ಬನ್ನಿ ಅಂತ ಬರೆದವನು, ಅವಳು ಬಂದು ಏನು ಮಾಡಬೇಕು ಅಂತ ಬರೆಯಲಿಲ್ಲವಲ್ಲ, ಅಷ್ಟು ಬರೆಯೋಕೆ ಏನಾಗಿತ್ತು ದಾಡಿ ಅಂತ ಕೇಳಿದರು. ಇನ್ನೊಂದು ವಾರಕ್ಕೆ ಸುಮಿತ್ರಾ ವಾಪಸ್ಸು ಬರುವ ಭಾನುವಾರ ತಾವೂ ಸ್ಟೇಷನ್ನಿಗೆ ಬರುವುದಾಗಿ ಹೇಳಿದರು. ಅವರೊಬ್ಬರೇ ಅಲ್ಲ. ಏನೂ ತರಲಿಕ್ಕೆ ಹೇಳದೆ ಇದ್ದವರು ಕೂಡ ಆ ಭಾನುವಾರ ಪ್ಲಾಟ್‌ಫಾರಮ್ಮಿಗೆ ಹೊರಟಿದ್ದಾರೆ ಅನ್ನುವ ಸುದ್ದಿ ನನಗೆ ನಾಲ್ಕು ಕಡೆಯಿಂದ ಬಂತು. ಬರೆಯಬೇಡಿ ಅಂದಿದ್ದರೇ ಹೊರತು ನೋಡಬೇಡಿ ಅಂತ ಸಾಹೇಬರು ಹೇಳಿರಲಿಲ್ಲ.

ಆ ಭಾನುವಾರಕ್ಕೆ ನಾನು ನೇಣಿಗೆ ಹೋಗುವವನ ಹಾಗೆ ದಿನ ಎಣಿಸುತ್ತಿದ್ದೆ. ಇನ್ನೂ ಎರಡು ದಿನ ಇತ್ತು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಕೆಳಗಿನ ರಿಸೆಪ್ಷನ್ನಿನಿಂದ ಫೋನು ಬಂತು. ಯಾರೋ ಮ್ಯಾಡಮ್ ಬಂದಿದ್ದಾರೆ, ಪಾಸು ಮಾಡಿಸಿದ್ದಾರೆ, ಲಾಬಿಯಲ್ಲಿ ಕೂತಿದ್ದಾರೆ. ಲಿಫ್ಟಿಗೆ ಕಾಯಲಿಲ್ಲ. ನಾಲ್ಕು ಮಹಡಿ ಹೇಗೆ ಇಳಿದೆನೋ ಗೊತ್ತಿಲ್ಲ, ನಡುವೆ ಯಾರದೋ ಫೈಲುಗಳ ರಾಶಿಗೆ ಡಿಕ್ಕಿ ಹೊಡೆದದ್ದು ಮಾತ್ರ ನೆನಪಿದೆ.

ವಾಟರ್ ಕೂಲರಿನ ಪಕ್ಕದ ಬೆಂಚಿನ ಮೇಲೆ ಸುಮಿತ್ರಾ ಕೂತಿದ್ದರು. ರೈಲಿನ ಧೂಳು ಕೂದಲಲ್ಲಿ ಹಾಗೇ ಇತ್ತು, ಸೀರೆ ಮುದುರಿತ್ತು. ನನ್ನ ಬಾಯಿಂದ ಹೊರಟದ್ದು ತಪ್ಪಾಯಿತು ಅನ್ನುವ ಒಂದೇ ಮಾತು, ಅದನ್ನೇ ಮೂರು ಸಲ ಹೇಳಿದೆ. ಅವರು ಕೈಯೆತ್ತಿ ನಿಲ್ಲಿಸಿದರು. ಹೊರಡುವ ಮುಂಚೆಯೇ ಓದಿದ್ದರಂತೆ. ಮೊದಲು ವಿಪರೀತ ಸಿಟ್ಟು ಬಂದಿತ್ತಂತೆ, ಭೋಪಾಲಿನ ತನಕ. ಆಮೇಲೆ ಮೈಸೂರಿನ ಸೈಬರ್ ಕೆಫೆಯಲ್ಲಿ ಕೂತು ಎಲ್ಲರದನ್ನೂ ಓದಿದರಂತೆ, ಗೋತ್ರದ್ದು, ಮುಹೂರ್ತದ್ದು, ಅಡುಗೆ ಭಟ್ಟರದ್ದು. ನನಗೊಬ್ಬನಿಗೇ ಬೇರೆಯಾಗಿ ಒಂದು ಸಾಲು ಬರೆಯಬಹುದಿತ್ತಲ್ಲ, ಬೈದಾದರೂ, ಅಂತ ತೊದಲಿದೆ.

"ದಿನಾ ನೂರಾರು ಜನಕ್ಕೆ ಉತ್ತರ ಕೊಡ್ತೀನಿ, ಒಬ್ಬರ ಮುಖಾನೂ ನೋಡಿಲ್ಲ," ಅಂದರು. "ಇದೊಂದನ್ನ ಹಾಗೆ ಕೊಡೋದು ಬೇಡ ಅನ್ನಿಸ್ತು."

ನನ್ನ ದಡ್ಡತನ ನೋಡಿ, ಅಂಥ ಹೊತ್ತಿನಲ್ಲಿ ನಾನು ಕೇಳಿದ್ದು ಪದ್ಮಾವತಮ್ಮನವರ ರಾಗಿಹಿಟ್ಟು ಎಲ್ಲಿ ಅಂತ. ತಂದಿದ್ದಾರೆ, ಬಾಣಲೆಯೂ ಬಂದಿದೆ, ಎಲ್ಲರದೂ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿದೆ, ಭಾನುವಾರ ಅಲ್ಲೇ ಹಂಚುತ್ತಾರಂತೆ.

"ನಿಮಗೆ ಏನೂ ತಂದಿಲ್ಲ," ಅಂದರು. "ಏನೂ ಬೇಡ, ಬೇಗ ಬನ್ನಿ ಅಂತ ಬರೆದಿದ್ರಿ. ಭಾನುವಾರದ ಟಿಕೆಟ್ ರದ್ದು ಮಾಡಿಸಿ ತತ್ಕಾಲ್‌ನಲ್ಲಿ ಬಂದೆ. ಮೇಲಿನ ಬರ್ತು, ಬಾತ್‌ರೂಮಿನ ಪಕ್ಕ. ಇದಕ್ಕಿಂತ ಬೇಗ ಆಗಲಿಲ್ಲ."

ನಾನು ನಿಂತೇ ಇದ್ದೆ. ಅವರು ಕೈಯಲ್ಲಿದ್ದ ಸಂದರ್ಶಕರ ಚೀಟಿಯನ್ನು ನನ್ನ ಮುಂದೆ ಹಿಡಿದರು. ನಮ್ಮ ಭವನಗಳಲ್ಲಿ ಅದೊಂದು ನಿಯಮ. ಯಾರನ್ನು ನೋಡಲು ಬಂದಿರುತ್ತಾರೋ ಅವರು ಆ ಚೀಟಿಗೆ ಸಹಿ ಹಾಕಬೇಕು, ಹಾಕದ ಹೊರತು ಗೇಟಿನ ಗಾರ್ಡು ಹೊರಗೆ ಬಿಡುವುದಿಲ್ಲ. ಹೆಸರು, ವಿಳಾಸ, ಯಾರನ್ನು ಕಾಣಬೇಕು, ಎಲ್ಲ ಇಂಗ್ಲಿಷಿನಲ್ಲಿ ತುಂಬಿದ್ದರು. ಭೇಟಿಯ ಉದ್ದೇಶ ಅನ್ನುವ ಕಡೆ ಮಾತ್ರ ದುಂಡಗಿನ ಕನ್ನಡ ಅಕ್ಷರದಲ್ಲಿ 'ಹೂಂ ಅನ್ನುವುದಕ್ಕೆ' ಅಂತ ಬರೆದಿದ್ದರು.

ಸಹಿ ಹಾಕಿ ಕೊಡಿ, ಹೊರಡುತ್ತೇನೆ, ಸ್ನಾನ ಮಾಡಬೇಕು ಅಂದರು. ಪೆನ್ನು ನನ್ನ ಜೇಬಿನಲ್ಲೇ ಇತ್ತು. ಮೇಲೆ ಮರೆತು ಬಂದಿದ್ದೇನೆ, ಸ್ವಲ್ಪ ಹೊತ್ತು ಕೂತಿರಿ ಅಂತ ಹೇಳಿ, ಅವರ ಪಕ್ಕದಲ್ಲಿ ಕೂತುಕೊಂಡೆ.